ಹೊಟ್ಟೆಯ ಕಲಾಪ

ಮಾರ್ಚ್ 11, ಮಂಗಳವಾರ, ರಾತ್ರಿ

ಕೊಲೆ ಕೇಸಿನ ಪಾಟೀ ಸವಾಲು. ಜಡ್ಜ್ ಸಾಹೇಬರು ಒಂದೊಂದೇ ವಾಕ್ಯ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ‘ಸಾಕ್ಷಿ ಮುಂದುವರಿದು ನುಡಿಯುವುದೇನೆಂದರೆ...’ ಹನ್ನೆರಡೂಕಾಲರ ಹೊತ್ತಿಗೆ ನನ್ನ ಹೊಟ್ಟೆಯೂ ಮುಂದುವರಿದು ನುಡಿಯತೊಡಗಿತು. ಬೆಂಚ್ ಕ್ಲರ್ಕ್ ಒಮ್ಮೆ ತಿರುಗಿ ನೋಡಿದರು. ಮೊದಲು ಗುಡುಗುಡು, ಆಮೇಲೆ ಹೊಕ್ಕುಳ ಕೆಳಗೆ ಎಡಗಡೆ ನುಲಿತ, ಆಮೇಲೆ ಬೆವರು.

ಕೇಳಿದ್ದರೆ ಬಿಡುತ್ತಿದ್ದರೇನೋ. ಆದರೆ ವಕೀಲರು, ಪೊಲೀಸರು, ಆರೋಪಿಯ ಕಡೆಯವರು, ಇಷ್ಟು ಜನರ ಮುಂದೆ ಏನಂತ ಕೇಳುವುದು? ಎರಡು ಗಂಟೆಯವರೆಗೆ ಹಲ್ಲು ಕಚ್ಚಿಕೊಂಡು ಕೂತೆ. ಊಟದ ಡಬ್ಬಿ ಬಿಚ್ಚಲಿಲ್ಲ.

ಬೆಳಿಗ್ಗೆ ತಿಂದದ್ದು: ಕ್ಯಾಂಟೀನಿನ ಈರುಳ್ಳಿ ಉಪ್ಪಿಟ್ಟು, ಕಾಫಿ.

ಮಾರ್ಚ್ 13, ಗುರುವಾರ

ಮತ್ತೆ ಅದೇ. ಇವತ್ತು ತಿಂದದ್ದು ಬರೀ ಮೊಸರನ್ನ. ಹಾಗಾದರೆ ಉಪ್ಪಿಟ್ಟು ಏನು ಮಾಡಿತ್ತು?

ಮಾರ್ಚ್ 20, ಗುರುವಾರ

ರಿಪೋರ್ಟ್ ಎಲ್ಲ ನಾರ್ಮಲ್. ಥೈರಾಯ್ಡ್ ನಾರ್ಮಲ್, ರಕ್ತ ನಾರ್ಮಲ್, ಗೋಧಿಯ ಸೀಲಿಯಾಕ್ ಕಾಯಿಲೆ ಇಲ್ಲ, ಮಲಪರೀಕ್ಷೆಯಲ್ಲಿ ಕರುಳಿನ ಉರಿಯೂತದ ಸುಳಿವಿಲ್ಲ. ಖುಷಿಪಡಬೇಕಿತ್ತು. ಸುಳ್ಳುಗಾತಿ ಎನಿಸಿಕೊಂಡ ಹಾಗಾಯಿತು.

ಡಾಕ್ಟರು ಕೇಳಿದರು: ರಕ್ತ ಬೀಳುತ್ತದೆಯೇ, ತೂಕ ಇಳಿದಿದೆಯೇ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ. ಇಲ್ಲ, ಇಲ್ಲ, ಇಲ್ಲ, ಇಲ್ಲ. ಮೂರು ತಿಂಗಳಿಂದ ವಾರಕ್ಕೊಂದು ದಿನವಾದರೂ ನೋವು, ಶೌಚಕ್ಕೆ ಹೋದರೆ ನೋವಿನಲ್ಲಿ ಬದಲಾವಣೆ, ಹೋಗುವ ಸಲದಲ್ಲೂ ಮಲದ ರೂಪದಲ್ಲೂ ಏರುಪೇರು. ಹೀಗೆ ಲಕ್ಷಣ ನೋಡಿಯೇ ಹೇಳುವ ಕಾಯಿಲೆಯಂತೆ. ಐಬಿಎಸ್. ‘ಕರುಳಿನ ರಚನೆ ಸರಿಯಾಗಿದೆ. ಅದು ನಡೆದುಕೊಳ್ಳುವ ರೀತಿ ಸರಿಯಿಲ್ಲ’ ಎಂದರು. ಇಷ್ಟು ವರ್ಷ ಗ್ಯಾಸ್ಟ್ರಿಕ್ ಎಂದೂ ಆಮಶಂಕೆ ಎಂದೂ ಕರೆದು ನುಂಗಿದ ಮಾತ್ರೆಗಳು ನೆನಪಾದವು.

ಒಂದು ಪಟ್ಟಿ ಕೊಟ್ಟಿದ್ದಾರೆ. ಲೋ ಫಾಡ್‌ಮ್ಯಾಪ್. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದ ಸಕ್ಕರೆ ಅಂಶಗಳು ಕೆಳಗಿಳಿದು, ನೀರು ಎಳೆದುಕೊಂಡು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತವೆ. ಈ ಗ್ಯಾಸ್ ಎಲ್ಲರಿಗೂ ಆಗುತ್ತದಂತೆ. ನನ್ನಂಥವರಿಗೆ ಅದು ನೋವಾಗಿ ಕೇಳಿಸುತ್ತದೆ.

ಕೆಲವು ವಾರ ಬಿಡಬೇಕು, ಆಮೇಲೆ ಒಂದೊಂದೇ ತಿಂದು ನೋಡಬೇಕು. ಜೀವನಪೂರ್ತಿ ಬಿಡುವ ಪಟ್ಟಿ ಅಲ್ಲ ಎಂದು ಡಾಕ್ಟರು ಒತ್ತಿ ಹೇಳಿದರು.

ಮಾರ್ಚ್ 23, ಭಾನುವಾರ

ಇವತ್ತಿನಿಂದ ಶುರು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಚಪಾತಿ ಇಲ್ಲ, ಕಡಲೆ ಅಲಸಂದೆ ಇಲ್ಲ, ಹಾಲಿಲ್ಲ, ಜೇನಿಲ್ಲ, ಮಾವಿನಹಣ್ಣಿಲ್ಲ. ಅನ್ನ ಉಂಟು. ಬದನೆ, ಸೌತೆ, ಕ್ಯಾರೆಟ್ ಉಂಟು. ಇಂಗು ಉಂಟು, ಆದರೆ ಅಂಗಡಿಯ ಡಬ್ಬಿ ತಿರುಗಿಸಿ ಓದಿದರೆ ಅದರಲ್ಲೂ ಗೋಧಿ ಹಿಟ್ಟು.

ಅತ್ತೆ ಕನ್ನಡಕ ಹಾಕಿಕೊಂಡು ಪಟ್ಟಿ ಪೂರ್ತಿ ಕೇಳಿ ತಿಳಿದುಕೊಂಡರು. ‘ಇದು ನಮ್ಮ ಚಾತುರ್ಮಾಸ್ಯದ ಹಾಗೇ ಇದೆಯಲ್ಲೇ’ ಎಂದರು. ನಿಜ. ಶಾಕವ್ರತಕ್ಕೆ ತರಕಾರಿ ಇಲ್ಲ, ದಧಿವ್ರತಕ್ಕೆ ಮೊಸರಿಲ್ಲ, ಕ್ಷೀರವ್ರತಕ್ಕೆ ಹಾಲಿಲ್ಲ, ದ್ವಿದಳಕ್ಕೆ ಬೇಳೆಕಾಳಿಲ್ಲ. ತಿಂಗಳಿಗೊಂದು ಬಿಟ್ಟು, ತಿಂಗಳ ಕೊನೆಗೆ ಮತ್ತೆ ಸೇರಿಸಿಕೊಳ್ಳುವುದು. ಅವರಿಗೆ ಗೆದ್ದ ಸಂಭ್ರಮ. ‘ನಾನು ಬಡಕೊಂಡಾಗ ಬಿಡದ ಈರುಳ್ಳಿ, ಆಸ್ಟ್ರೇಲಿಯಾದವರು ಹೇಳಿದರೆ ಬಿಟ್ಟೆ.’

ಉತ್ತರ ಇರಲಿಲ್ಲ.

ಮಾರ್ಚ್ 30, ಯುಗಾದಿ

ಬೇಳೆ ಹೋಳಿಗೆ. ಕಣಕ ಮೈದಾ, ಹೂರಣ ಬೇಳೆ. ಪಟ್ಟಿಯ ಪ್ರಕಾರ ಒಳಗೂ ಹೊರಗೂ ವರ್ಜ್ಯ. ಒಂದು ತಿಂದೆ, ತುಪ್ಪ ಹಾಕಿಕೊಂಡು. ನೋವು ಬರಲಿ ಎಂದು ಕಾದು ಕೂತ ಹಾಗೆ ಮಧ್ಯಾಹ್ನ ಮಂಚದ ಮೇಲೆ ಬಿದ್ದುಕೊಂಡೆ. ನಿದ್ದೆ ಬಂತು. ಎದ್ದಾಗ ಐದು ಗಂಟೆ. ಏನೂ ಇಲ್ಲ.

ಯಾಕಿಲ್ಲ?

ಏಪ್ರಿಲ್ 8, ಮಂಗಳವಾರ

ಉಬ್ಬರ ಇಳಿದಿದೆ, ಅದು ಒಪ್ಪಬೇಕಾದ್ದು. ಸಂಜೆಯ ಹೊತ್ತಿಗೆ ಸೀರೆಯ ಕಟ್ಟು ಸಡಿಲಿಸಿಕೊಳ್ಳಬೇಕಾಗುತ್ತಿತ್ತು, ಈಗ ಬೇಡ. ಆದರೂ ಇವತ್ತು ಹನ್ನೆರಡೂಕಾಲಕ್ಕೆ ಅದೇ ನುಲಿತ. ತಿಂದದ್ದು ಎರಡು ಅಕ್ಕಿರೊಟ್ಟಿ, ಕಾಯಿಚಟ್ನಿ. ಅದರಲ್ಲಿ ತಪ್ಪು ಹುಡುಕಲು ಜಾಗವೇ ಇಲ್ಲ.

ಸೋಮವಾರ ರಾತ್ರಿ ಮರುದಿನದ ಕೇಸ್ ಪಟ್ಟಿ ನೋಡುವಾಗಲೇ ಹೊಟ್ಟೆ ಒಮ್ಮೆ ಮಿಸುಕಿತ್ತು. ಆಗ ಏನೂ ತಿಂದಿರಲಿಲ್ಲ. ಇದನ್ನು ಬರೆದಿಡಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದಿದ್ದೇನೆ.

ಏಪ್ರಿಲ್ 16, ಬುಧವಾರ

ಹೊಸ ಮಾತ್ರೆ. ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿ ಮಲಗುವಾಗ. ಇವರು ಫೋನಿನಲ್ಲಿ ಹುಡುಕಿ ನೋಡಿ, ‘ಇದು ಡಿಪ್ರೆಶನ್ ಮಾತ್ರೆ ಕಣೇ. ಹೊಟ್ಟೆಗೆ ಯಾಕೆ ಕೊಟ್ರು?’ ಎಂದರು. ನನಗೂ ಚುರುಕ್ಕೆಂದಿತ್ತು. ಅಂದರೆ ಎಲ್ಲ ನನ್ನ ತಲೆಯಲ್ಲೇ ಇದೆ ಅಂತಲೇ?

ಡಾಕ್ಟರನ್ನು ಅದನ್ನೇ ಕೇಳಿದ್ದೆ. ಅವರು ಸಿಟ್ಟಾಗಲಿಲ್ಲ. ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಇಷ್ಟು ಸಣ್ಣ ಪ್ರಮಾಣದಲ್ಲಿ ಇದು ಕರುಳಿನಿಂದ ಬರುವ ನೋವಿನ ಸದ್ದನ್ನು ತಗ್ಗಿಸುತ್ತದೆ, ಭೇದಿಯ ಓಟವನ್ನೂ ನಿಧಾನ ಮಾಡುತ್ತದೆ ಎಂದರು. ಇಂಗ್ಲೆಂಡಿನಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆಯಂತೆ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ, ದೇಹದ ಸೆರೊಟೋನಿನ್‌ನ ನೂರಕ್ಕೆ ತೊಂಬತ್ತರಷ್ಟು ಅಲ್ಲೇ ಇದೆ. ಮಿದುಳಿಗೂ ಕರುಳಿಗೂ ನಡುವೆ ಓಡುವ ವೇಗಸ್ ನರದ ಎಳೆಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು.

ಹಾಗಾದರೆ ನಮ್ಮ ಕೋರ್ಟಿನ ಹಾಗೇ. ಕೆಳಗಿನಿಂದ ಮೇಲೆ ಹೋಗುವ ಮೇಲ್ಮನವಿಗಳೇ ಜಾಸ್ತಿ, ಮೇಲಿನಿಂದ ಬರುವ ಆದೇಶಗಳು ಕಡಿಮೆ.

ಮಾತ್ರೆ ನುಂಗಿದ್ದೇನೆ. ಬಾಯಿ ಒಣಗುತ್ತಿದೆ.

ಏಪ್ರಿಲ್ 19, ಶನಿವಾರ

ಓದಿದ್ದು: ಹಾರ್ವರ್ಡಿನ ಟೆಡ್ ಕ್ಯಾಪ್ಚುಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ. 80 ಮಂದಿ ಐಬಿಎಸ್ ರೋಗಿಗಳು. ಅರ್ಧದಷ್ಟು ಜನರಿಗೆ ಮಾತ್ರೆ ಕೊಟ್ಟು, ‘ಇದರಲ್ಲಿ ಔಷಧ ಇಲ್ಲ’ ಎಂದು ಎದುರಿಗೇ ಹೇಳಿದರು. ಉಳಿದವರಿಗೆ ಮಾತ್ರೆಯಿಲ್ಲ, ಆರೈಕೆ, ಮಾತುಕತೆ ಮಾತ್ರ. ಮೂರು ವಾರ ಕಳೆದ ಮೇಲೆ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 59 ಜನ ಸಾಕಷ್ಟು ಉಪಶಮನವಾಗಿದೆ ಎಂದರು, ಉಳಿದವರಲ್ಲಿ 35.

ಬೆಳಗಾದರೆ ‘ಸತ್ಯವನ್ನೇ ಹೇಳುತ್ತೇನೆ’ ಎಂಬ ಪ್ರಮಾಣ ಕೇಳುವವಳು ನಾನು. ಸುಳ್ಳು ಮಾತ್ರೆ ಎಂದು ಸತ್ಯ ಹೇಳಿ ಕೊಟ್ಟರೂ ಕೆಲಸ ಮಾಡಿತು ಎಂದರೆ ಅದನ್ನು ಯಾವ ಕಲಮಿಗೆ ಸೇರಿಸುವುದು? ನೋವು ಸುಳ್ಳಾಗಿತ್ತು ಎಂದು ಒಬ್ಬ ವಕೀಲ ವಾದಿಸಬಹುದು. ಉಪಶಮನ ನಿಜ ಎಂದು ಇನ್ನೊಬ್ಬ. ಇಬ್ಬರ ಮಾತನ್ನೂ ಟೈಪ್ ಮಾಡಬಲ್ಲೆ, ತೀರ್ಪು ಬರೆಯಲಾರೆ.

ಮೇ 7, ಬುಧವಾರ

ಕೋರ್ಟಿಗೆ ಬೇಸಿಗೆ ರಜೆ. ಸಾಹೇಬರಿಗೆ. ನಮಗೆ ಕಚೇರಿ ಇದೆ, ಹಳೆ ಕಡತ ಜೋಡಿಸುವ ಕೆಲಸ. ಅದೇ ಕಟ್ಟಡ, ಅದೇ ಕುರ್ಚಿ, ಅದೇ ಡಬ್ಬಿ. ಡಯಾಸ್ ಮಾತ್ರ ಖಾಲಿ.

ಹೊಟ್ಟೆ ತಣ್ಣಗಿದೆ. ಹನ್ನೆರಡೂಕಾಲಕ್ಕೆ ಗಡಿಯಾರ ನೋಡಿದೆ, ಒಂದು ಸದ್ದಿಲ್ಲ. ಮಾತ್ರೆಯ ಗುಣವೋ, ಪಥ್ಯದ ಗುಣವೋ, ಬೇಕೆಂದಾಗ ಎದ್ದು ಹೋಗಬಹುದು ಎನ್ನುವುದೋ. ಮೂರೂ ಒಟ್ಟಿಗೆ ನಡೆದಿವೆ, ಬಿಡಿಸಿ ನೋಡುವ ದಾರಿಯಿಲ್ಲ.

ಹಾಲಿನ ಪರೀಕ್ಷೆ ಶುರು. ಅರ್ಧ ಲೋಟ, ಮರುದಿನ ಮುಕ್ಕಾಲು, ಆಮೇಲೆ ಪೂರ್ತಿ.

ಮೇ 10, ಶನಿವಾರ

ಹಾಲು ನಿರ್ದೋಷಿ. ಕಾಫಿಗೆ ಹಾಲು ಬಂತು. ಇಡೀ ದಿನ ಸುಮ್ಮಸುಮ್ಮನೆ ಸಂತೋಷ.

ಮೇ 18, ಭಾನುವಾರ, ಸಾಗರ

ನಾದಿನಿಯ ಮಗನ ಉಪನಯನ. ಬಸ್ಸಲ್ಲಿ ಹೋಗೋಣ ಎಂದರು ಇವರು. ನಾನು ತಾಳಗುಪ್ಪ ರೈಲು ಎಂದು ಹಟ ಹಿಡಿದೆ. ಮೊಂಡು ಹೆಂಗಸು ಎಂದು ಗೊಣಗಿದರೂ ಬಂದರು. ರೈಲಿನಲ್ಲಿ ಶೌಚಾಲಯ ಇದೆ. ಕುಂಸಿ, ಆನಂದಪುರ ಎಲ್ಲ ಕಿಟಕಿಯಲ್ಲಿ ನೋಡುತ್ತ ಬಂದೆ. ಒಮ್ಮೆಯೂ ಏಳಲಿಲ್ಲ. ಇದೆ ಎಂದು ಗೊತ್ತಿದ್ದರೆ ಬೇಕಾಗುವುದಿಲ್ಲ.

ಊಟಕ್ಕೆ ಅಪ್ಪೆಹುಳಿ. ಎರಡು ಸಲ ಹಾಕಿಸಿಕೊಂಡೆ.

ಮೇ 29, ಗುರುವಾರ

ಕೋರ್ಟ್ ಶುರುವಾಗಿದೆ. ಅದೂ ಶುರುವಾಗಿದೆ. ಮೊದಲಿನಷ್ಟು ಜೋರಿಲ್ಲ, ಆದರೂ ಹಾಜರಿ ಹಾಕುತ್ತದೆ. ಉಸಿರು ನಿಧಾನ ಬಿಡು ಎಂದಿದ್ದಾರೆ ಡಾಕ್ಟರು; ಒಳಕ್ಕೆ ಎಳೆದದ್ದಕ್ಕಿಂತ ಹೊರಕ್ಕೆ ಉದ್ದ. ವಕೀಲರು ಪುಸ್ತಕದ ಪುಟ ಹುಡುಕುವಾಗ ಎರಡು ಉಸಿರು ಸಿಗುತ್ತದೆ.

ಜೂನ್ 3, ಮಂಗಳವಾರ

ಬೆಂಚ್ ಕ್ಲರ್ಕಿಗೆ ಹೇಳಿಬಿಟ್ಟೆ. ಮೆಟ್ಟಿಲ ಹತ್ತಿರ, ತಲೆ ತಗ್ಗಿಸಿಕೊಂಡು. ಅವರು ನಕ್ಕರು. ‘ಮೇಡಂ, ನನಗೆ ಶುಗರ್. ಹನ್ನೆರಡು ಗಂಟೆಗೆ ಫೈಲ್ ತರೋಕೆ ಅಂತ ಎದ್ದು ಹೋಗ್ತೀನಲ್ಲ, ಅದು ಫೈಲಿಗಲ್ಲ.’

ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೇವೆ.

ನಾನು ಕೀಬೋರ್ಡಿನ ಪಕ್ಕ ಪೆನ್ನು ಅಡ್ಡ ಇಟ್ಟರೆ ಅವರು ಆಫೀಸಿನ ಟೈಪಿಸ್ಟ್ ಹುಡುಗಿಯನ್ನು ಐದು ನಿಮಿಷ ಕರೆಸುತ್ತಾರೆ. ಸಾಹೇಬರಿಗೂ ಅವರೇ ಒಂದು ಮಾತು ಹೇಳಿದ್ದಾರೆ. ‘ಹೇಳಬಾರದಿತ್ತೇ ಮೊದಲೇ’ ಎಂದರಂತೆ ಸಾಹೇಬರು.

ಜೂನ್ 10, ಮಂಗಳವಾರ

ಪೆನ್ನು ಅಡ್ಡ ಇಡುವ ಪ್ರಸಂಗ ಇನ್ನೂ ಬಂದಿಲ್ಲ. ಇದನ್ನೇ ರೋಗ ವಾಸಿಯಾಯಿತು ಎಂದುಕೊಳ್ಳುವ ಹೊತ್ತಿಗೆ ನಿನ್ನೆ ಮನೆಯಲ್ಲಿ, ಯಾವ ಕಾರಣವೂ ಇಲ್ಲದೆ, ಬಟ್ಟೆ ಮಡಚುವಾಗ ನುಲಿತ. ಕೋರ್ಟಿಲ್ಲ, ಭಯವಿಲ್ಲ, ಈರುಳ್ಳಿಯಿಲ್ಲ. ಕಲಿತದ್ದೆಲ್ಲ ಬುಡಮೇಲು.

ಅಳು ಬಂತು. ಅತ್ತೆ ಓಮದ ಕಷಾಯ ಮಾಡಿಕೊಟ್ಟರು. ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡದೆ ಕುಡಿದೆ.

ಜೂನ್ 15, ಭಾನುವಾರ, ರಾತ್ರಿ ಹನ್ನೊಂದು

ಈರುಳ್ಳಿಯ ಪರೀಕ್ಷೆ. ಬೇಕೆಂದೇ ಭಾನುವಾರ ಆರಿಸಿಕೊಂಡೆ, ಕೋರ್ಟಿನ ಹೆಸರು ಹೇಳಿ ಅದು ತಪ್ಪಿಸಿಕೊಳ್ಳಬಾರದು ಎಂದು. ಅರ್ಧ ಈರುಳ್ಳಿ, ಎಣ್ಣೆಯಲ್ಲಿ ಬಾಡಿಸಿ, ಅವಲಕ್ಕಿಗೆ. ಮನಸ್ಸು ಹಗುರಾಗಿತ್ತು, ಮಳೆ ಬರುತ್ತಿತ್ತು, ಇವರ ಜೊತೆ ಚೌಕಾಬಾರ ಆಡಿದೆ. ಸಂಜೆ ಏಳಕ್ಕೆ ಹೊಟ್ಟೆ ಉಬ್ಬಿತು. ಒಂಬತ್ತಕ್ಕೆ ನೋವು. ಎರಡು ಸಲ ಹೋಗಿ ಬಂದೆ.

ಈರುಳ್ಳಿ ದೋಷಿ. ಈ ಒಂದು ಕೇಸಿನಲ್ಲಿ ಸಂಶಯವಿಲ್ಲ.

ಬೆಳ್ಳುಳ್ಳಿಯದ್ದು ಬುಧವಾರಕ್ಕೆ ಇಟ್ಟುಕೊಂಡಿದ್ದೇನೆ. ಮಂಗಳವಾರ ಪಾಟೀ ಸವಾಲಿದೆ, ಅದು ಮುಗಿಯಲಿ.