ಮಿಂಚುಹುಳ ಹೇಳಿದ ನಂಬರು

ಆಸ್ಪತ್ರೆ ಮಂಚದ ಕಂಬಿ ಕ್ಲೀನಾಗಿದೆಯಾ ಇಲ್ಲವಾ ಅಂತ ಹೇಗೆ ಹೇಳ್ತೀರಿ? ಫಿನಾಯಿಲ್ ವಾಸನೆ ಬಂದರೆ ಕ್ಲೀನು ಅನ್ನೋದು ನಮ್ಮ ಕಡೆಯ ಲೆಕ್ಕ :) ಲ್ಯಾಬಿನವರ ದಾರಿ ಬೇರೆ. ಕಂಬಿ ಮೇಲೆ ಹತ್ತಿ ಕಡ್ಡಿ ಆಡಿಸಿ, ಅದರಲ್ಲಿ ಬಂದ ಬ್ಯಾಕ್ಟೀರಿಯಾ ಬೆಳೆಸಿ ಎಣಿಸ್ತಾರೆ. ಅದಕ್ಕೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಆ ಮಂಚದ ಮೇಲೆ ಇನ್ನೊಬ್ಬ ರೋಗಿ ಬಂದು ಮಲಗಿರ್ತಾನೆ.

ಅದಕ್ಕೇ ಎಟಿಪಿ ಮೀಟರ್ ಬಂತು. ಜೀವಕೋಶಗಳಲ್ಲೆಲ್ಲ ಇರೋ ಶಕ್ತಿಯ ಅಣು ಎಟಿಪಿ (ಪಿಯುಸಿ ಬಯಾಲಜಿ ನೆನಪಿದೆಯಾ?). ಮಿಂಚುಹುಳದ ಮೈಯಲ್ಲಿರೋ ಲೂಸಿಫೆರಿನ್, ಲೂಸಿಫೆರೇಸ್‌ಗಳ ಜೊತೆ ಎಟಿಪಿ ಸೇರಿದರೆ ಬೆಳಕು ಹುಟ್ಟುತ್ತೆ. 1947ರಲ್ಲಿ ಇದನ್ನು ತೋರಿಸಿಕೊಟ್ಟವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ವಿಲಿಯಂ ಮೆಕ್‌ಎಲ್ರಾಯ್. ಮಿಂಚುಹುಳ ಹಿಡಿದು ತಂದ ಮಕ್ಕಳಿಗೆ ದುಡ್ಡು ಕೊಡ್ತಿದ್ದರಂತೆ, ಎಂಥಾ ಮಜದ ಕೆಲಸ! ಅದೇ ಬೆಳಕನ್ನ ಅಳೆಯೋ ಪುಟ್ಟ ಮೆಷಿನ್ ಈಗ ಒಂದು ನಿಮಿಷದೊಳಗೆ ನಂಬರ್ ಕೊಡುತ್ತೆ. ಆ ನಂಬರಿಗೆ ಆರ್‌ಎಲ್‌ಯು ಅಂತ ಹೆಸರು.

ನಾನು ಈ ನಂಬರಿನ ಬೆನ್ನು ಹತ್ತಿದ್ದು ಆಫೀಸಿನ ಕೆಲಸದ ದೆಸೆಯಿಂದ. ಅಮೆರಿಕದ ಕ್ಲೈಂಟ್ ಒಬ್ಬರಿಗೆ ನಮ್ಮ ಟೀಮ್ ಡ್ಯಾಶ್‌ಬೋರ್ಡ್ ಮಾಡ್ತಿದೆ. 250ರ ಒಳಗಿದ್ದರೆ ಹಸಿರು, ಮೇಲಿದ್ದರೆ ಕೆಂಪು. ಪಕ್ಕದ ಕಾಲಮ್ಮಿನಲ್ಲಿ ಆ ರೂಮ್ ಕ್ಲೀನ್ ಮಾಡಿದವರ ಹೆಸರು. ತಿಂಗಳ ಕೊನೆಗೆ ಹೆಸರುವಾರು ರ‍್ಯಾಂಕ್. ಒಂದು ಇಫ್, ಒಂದು ಎಲ್ಸ್, ಎರಡು ನಿಮಿಷದ ಕೋಡು. ಆದರೆ ಈ 250 ಎಲ್ಲಿಂದ ಬಂತು?

ಹುಡುಕಿದೆ. ಸಂಶೋಧನಾ ಲೇಖನಗಳಲ್ಲಿ 250 ಇದೆ, 500 ಇದೆ, 100 ಕೂಡ ಇದೆ. ಯಾಕಂದ್ರೆ ಆರ್‌ಎಲ್‌ಯು ಅನ್ನೋದು ಮೀಟರು, ಕಿಲೋದ ಥರ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಂಪನಿಯ ಮೆಷಿನ್ನಿನ 250 ಇನ್ನೊಂದರಲ್ಲಿ ಇನ್ನೇನೋ ಆಗುತ್ತೆ. ಹಿಂದೆ ಊರೂರಿಗೊಂದು ಸೇರು ಇತ್ತಲ್ಲ, ಹಾಗೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಮೆಷಿನ್ ನೋಡೋದು ಎಟಿಪಿಯನ್ನ, ರೋಗಾಣುವನ್ನಲ್ಲ. ಒಂದು ಬ್ಯಾಕ್ಟೀರಿಯಾಕ್ಕಿಂತ ಮನುಷ್ಯನ ಒಂದು ಜೀವಕೋಶದಲ್ಲಿ ಎಷ್ಟೋ ಪಟ್ಟು ಹೆಚ್ಚು ಎಟಿಪಿ ಇರುತ್ತೆ. ರಕ್ತದ ಕಲೆ, ಚೆಲ್ಲಿದ ಹಾಲು, ಸತ್ತ ಕೋಶ ಎಲ್ಲಾ ಒಂದೇ ನಂಬರಿನೊಳಗೆ ಸೇರಿಹೋಗುತ್ತೆ. ವೈರಸ್ಸಿಗೆ ತನ್ನದೇ ಎಟಿಪಿ ತಯಾರಿಸೋ ಶಕ್ತಿಯೇ ಇಲ್ಲ. ವಾರ್ಡುಗಳಲ್ಲಿ ಭೇದಿ ಹಬ್ಬಿಸೋ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬೀಜಕಗಳಲ್ಲಿ ಇರೋದೂ ಅತ್ಯಲ್ಪ. ಅವು ಆರಾಮಾಗಿ ಹಸಿರಿನಲ್ಲಿ ಪಾಸ್! ಇದರ ಮೇಲೆ ಬ್ಲೀಚು ಬೇರೆ. ಅದರ ಶೇಷ ಕಂಬಿಯ ಮೇಲೆ ಉಳಿದಿದ್ದರೆ ಮಿಂಚುಹುಳದ ಕಿಣ್ವಕ್ಕೇ ಪೆಟ್ಟು, ಬೆಳಕು ಮಂಕು. ಹೊಲಸು ಹಾಗೇ ಇದ್ದು ನಂಬರ್ ಮಾತ್ರ ಇಳಿಯಬಹುದು. ರ‍್ಯಾಂಕಿನ ಮೇಲೆ ಸಂಬಳ ನಿಂತಿದ್ದರೆ ಟೆಸ್ಟಿಗೆ ಮುಂಚೆ ಇನ್ನಷ್ಟು ಬ್ಲೀಚ್ ಸುರಿಯೋದನ್ನ ಯಾರು ತಾನೇ ಕಲಿಯಲ್ಲ?

ಹಾಗಂತ ಮೆಷಿನ್ನನ್ನ ಕಸಕ್ಕೆ ಹಾಕಿ ಅಂತಲ್ಲ. ಅದೇ ಜಾಗ, ಅದೇ ಮೆಷಿನ್, ಅದೇ ದ್ರಾವಣ ಇಟ್ಟುಕೊಂಡು ಒರೆಸೋ ಮುಂಚೆ ಒಂದು ಸಲ, ಒರೆಸಿದ ಮೇಲೆ ಒಂದು ಸಲ ಅಳೆದರೆ ವ್ಯತ್ಯಾಸ ಕಾಣುತ್ತೆ. ಹೊಸಬರಿಗೆ ಕೆಲಸ ಕಲಿಸೋಕೆ ಅದು ಒಳ್ಳೇದು. ಇನ್ನೊಂದು ಉಪಾಯವೂ ಇದೆ. ಕಣ್ಣಿಗೆ ಕಾಣದ ಜೆಲ್ ಹಚ್ಚಿಟ್ಟು, ಆಮೇಲೆ ಅತಿನೇರಳೆ ಬೆಳಕಿನಲ್ಲಿ ಅಳಿಸಿಹೋಗಿದೆಯಾ ಅಂತ ನೋಡೋದು. ಅಮೆರಿಕದ ಫಿಲಿಪ್ ಕಾರ್ಲಿಂಗ್ ತಂಡ 23 ಆಸ್ಪತ್ರೆಗಳಲ್ಲಿ ಹೀಗೆ ನೋಡಿ 2008ರಲ್ಲಿ ಪ್ರಕಟಿಸಿದ ಪ್ರಕಾರ, ಒರೆಸಬೇಕಾದ ಜಾಗಗಳಲ್ಲಿ ಒರೆಸಿದ್ದು ಸುಮಾರು ಅರ್ಧ ಮಾತ್ರ. ಇದೂ ಹೇಳೋದು ಬಟ್ಟೆ ಅಲ್ಲಿ ಓಡಾಡಿದೆ ಅಂತಷ್ಟೇ, ರೋಗಾಣು ಹೋಯ್ತು ಅಂತಲ್ಲ.

ನಮ್ಮನ್ನೇ ಬರೆದ ಕೋಡಿನ ಲೈನ್ ಎಣಿಸಿ ಅಳೆದರೆ ಕ್ಯಾಂಟೀನಿನಲ್ಲಿ ಒಂದು ವಾರ ಗಲಾಟೆ ಮಾಡ್ತೀವಿ. ರಾತ್ರಿ ಎರಡು ಗಂಟೆಗೆ ಯಾರದೋ ವಾಂತಿ ಒರೆಸೋ ಹೆಂಗಸಿಗೆ ಈ ಡ್ಯಾಶ್‌ಬೋರ್ಡ್ ಅನ್ನೋದು ಒಂದಿದೆ ಅಂತಾನೂ ಗೊತ್ತಿರಲ್ಲ. ಒಂದು ಲೋಟ ಹಾಲು ಚೆಲ್ಲಿದ್ದಕ್ಕೆ ಅವಳು ಕೆಂಪು, ರೋಗಾಣು ಉಳಿದುಕೊಂಡ ರೂಮು ಹಸಿರು. ಹೊಡೆತ ಅವಳಿಗೂ ಬೀಳುತ್ತೆ, ಆ ಮಂಚಕ್ಕೆ ಬರೋ ರೋಗಿಗೂ ಬೀಳುತ್ತೆ.

ಡಿಸೈನ್ ಡಾಕ್ಯುಮೆಂಟಿನಿಂದ ಹೆಸರಿನ ಕಾಲಮ್ ತೆಗೆದು ಮೂರು ಹೊಸದು ಸೇರಿಸಿದ್ದೀನಿ: ಯಾವ ಮೆಷಿನ್, ಯಾವ ದ್ರಾವಣ, ಒರೆಸೋ ಮುಂಚಿನ ರೀಡಿಂಗ್. ಶುಕ್ರವಾರ ಕ್ಲೈಂಟ್ ಜೊತೆ ಕಾಲ್ ಇದೆ. "ರ‍್ಯಾಂಕ್ ಎಲ್ಲಿ?" ಅಂತ ಕೇಳೇ ಕೇಳ್ತಾರೆ. ಮ್ಯಾನೇಜರ್ ಈಗಾಗಲೇ ಮುಖ ಗಂಟಿಕ್ಕಿಕೊಂಡು ಓಡಾಡ್ತಿದ್ದಾರೆ...