ಕರ್ರಗಿದ್ದರೆ ಖಡಕ್ ಚಾ ಅಂತಲ್ಲ

ನಮ್ಮ ಕಡೆ ಚಾ ಒಳ್ಳೇದೋ ಅಲ್ಲವೋ ಅಂತ ಹೇಳುವುದು ನಾಲಿಗೆಯಲ್ಲ, ಕಣ್ಣು. ಡಿಕಾಕ್ಷನ್ ಕರ್ರಗಿದ್ದರೆ ‘ಖಡಕ್ ಐತಿ’, ಇಲ್ಲದಿದ್ದರೆ ‘ಬರೀ ನೀರು’. ಸುದ್ದಿಗಾಗಿ ದಾವಣಗೆರೆ–ಹರಿಹರ ನಡುವೆ ಬೈಕಲ್ಲಿ ಓಡಾಡುವ ನನಗೆ ದಿನಕ್ಕೆ ಐದಾರು ಚಾ ಆಗುತ್ತದೆ. ಮಂಡಕ್ಕಿ-ಮಿರ್ಚಿ ಮೇಲೆ ಕುಡಿಯುವುದು ಲೆಕ್ಕಕ್ಕಿಲ್ಲ. ಹರಿಹರದ ಒಂದು ಕಿರಾಣಿ ಅಂಗಡಿಯಲ್ಲಿ ಲೂಸ್ ಚಾಪುಡಿ ಕೊಳ್ಳುತ್ತಿದ್ದ ಅಜ್ಜಿ ಕೇಳಿದ್ದೂ ಅದನ್ನೇ: “ಬಣ್ಣ ಬಿಡತೈತೇನಪಾ?” ಅಂಗಡಿಯವನು, “ಅರ್ಧ ಚಮಚ ಸಾಕಜ್ಜಿ, ಕರ್ರಗಾಕ್ಕತಿ” ಅಂದ. ಅರ್ಧ ಚಮಚಕ್ಕೇ ಅಷ್ಟು ಬಣ್ಣ ಬರುವ ಪುಡಿ ಯಾವುದು ಅಂತ ನನಗೆ ಅನುಮಾನ ಹುಟ್ಟಿದ್ದು ಅಲ್ಲಿ.

ಗಿಡದಲ್ಲಿರುವಾಗ ಚಾ ಎಲೆ ಹಸಿರು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಇದೂ ಹಾಗೇ ಕಪ್ಪಾಗುತ್ತದೆ. ಎಲೆಯೊಳಗೆ ಕ್ಯಾಟೆಚಿನ್ ಎಂಬ ಒಗರಿನ ಅಂಶ ಒಂದು ಕಡೆ, ಅದನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಬಾಡಿಸಿದ ಎಲೆಯನ್ನು ಯಂತ್ರ ಜಜ್ಜಿ, ಹರಿದು, ಸುರುಳಿ ಮಾಡಿದಾಗ ಎರಡೂ ಬೆರೆಯುತ್ತವೆ, ಗಾಳಿ ತಾಗಿ ಬಣ್ಣ ತಿರುಗುತ್ತದೆ. ಪೊಟ್ಟಣದ ಮೇಲೆ ಬರೆಯುವ ‘ಸಿಟಿಸಿ’ ಅಂದರೆ ಈ ಯಂತ್ರದ ಕೆಲಸವೇ.

ಆಗ ಮುಖ್ಯವಾಗಿ ಎರಡು ಅಂಶ ಹುಟ್ಟುತ್ತವೆ. ಥಿಯಾಫ್ಲಾವಿನ್ ಹೊಂಬಣ್ಣದ್ದು, ಚಾಕ್ಕೆ ಚುರುಕು ಕೊಡುವುದು ಅದು. ಥಿಯಾರುಬಿಜಿನ್ ಕೆಂಗಂದು, ಅದರಿಂದ ಬಣ್ಣ ಮತ್ತು ಗಟ್ಟಿತನ. ಎಲೆಯನ್ನು ಗಾಳಿಗೆ ಹೆಚ್ಚು ಹೊತ್ತು ಬಿಟ್ಟರೆ ಮೊದಲನೆಯದು ಕಮ್ಮಿಯಾಗುತ್ತಾ ಹೋಗುತ್ತದೆ. ಬಣ್ಣ ಕಪ್ಪಾಗುತ್ತದೆ, ರುಚಿ ಸಪ್ಪೆಯಾಗುತ್ತದೆ. ಅಂದರೆ ಅಜ್ಜಿ ಕೇಳಿದ ಪ್ರಶ್ನೆ ಪೂರಾ ಉಲ್ಟಾ ಆಗಲೂಬಹುದು.

ಎರಡು ಎಲೆ, ಒಂದು ಕುಡಿ ಅಂತ ಎಳೆಯದನ್ನೇ ಕೀಳುವುದಕ್ಕೂ ಇದೇ ಕಾರಣ. ಕ್ಯಾಟೆಚಿನ್, ಕೆಫೀನ್ ಎಳೆ ಎಲೆಯಲ್ಲಿ ಜಾಸ್ತಿ, ಬಲಿತ ಎಲೆಯಲ್ಲಿ ನಾರು ಜಾಸ್ತಿ. ಚನ್ನಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಅಡಿಕೆ ಬೇಯಿಸಿದ ಚೊಗರಿನ ಒಗರು ಗೊತ್ತಲ್ಲ, ಹಣ್ಣಾದ ಅಡಿಕೆಯಲ್ಲಿ ಅಷ್ಟು ಒಗರಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ತೋಟವಾಗಲಿ, ಅಸ್ಸಾಮಾಗಲಿ, ಲೆಕ್ಕ ಒಂದೇ.

ನಾವು ಹಾಲು ಹಾಕಿ ಕುಡಿಯುವವರು. ಹಾಲಿನ ಪ್ರೋಟೀನ್ ಒಗರನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಪುಡಿಯಲ್ಲಿ ಒಗರು ಇರಲೇಬೇಕು. ಒಳ್ಳೇ ಪುಡಿಗೆ ಹಾಲು ಬಿದ್ದರೆ ತಿಕ್ಕಿದ ತಾಮ್ರದ ಬಣ್ಣ ಬರುತ್ತದೆ. ಸಪ್ಪೆ ಪುಡಿಯದು ಮಬ್ಬು ಮಬ್ಬು.

ಇನ್ನು ಮೋಸದ ಮಾತು. ಕುದಿಸಿ ಬಿಸಾಕಿದ ಪುಡಿಯನ್ನು ಒಣಗಿಸಿ ಬಣ್ಣ ಹಾಕಿ ಮಾರುವ ದಂಧೆ ನಮ್ಮ ದೇಶದಲ್ಲಿ ಹಳೆಯದು. ಚಾಪುಡಿಗೆ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮನೆಯಲ್ಲೇ ನೋಡಬಹುದು: ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಚಿಟಿಕೆ ಪುಡಿ ಉದುರಿಸಿ. ನಿಜವಾದ ಪುಡಿ ತಣ್ಣೀರಲ್ಲಿ ನಿಧಾನಕ್ಕೆ ಬಣ್ಣ ಬಿಡುತ್ತದೆ. ಹಾಕಿದ ಬಣ್ಣವಾದರೆ ಬಿದ್ದ ಕೂಡಲೇ ಗೆರೆಗೆರೆಯಾಗಿ ಇಳಿಯುತ್ತದೆ. ನಾನು ತಂದು ನೋಡಿದ ಮೂರು ಲೂಸ್ ಪೊಟ್ಟಣಗಳಲ್ಲಿ ಒಂದು ಹಾಗೇ ಇಳಿಯಿತು.

ಇದು ಅನುಮಾನಕ್ಕೆ ಸಾಕು, ಪುರಾವೆಗೆ ಸಾಲದು. ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. ನಿಮ್ಮ ಪುಡಿಯೂ ಹೀಗೇ ಆದರೆ ಸಿಟ್ಟಿನಲ್ಲಿ ತಿಪ್ಪೆಗೆ ಎಸೆಯಬೇಡಿ. ಉಳಿದದ್ದನ್ನು ಪೊಟ್ಟಣದ ಸಮೇತ ಎತ್ತಿಟ್ಟು, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ನನ್ನದು ಡಬ್ಬಿಯಲ್ಲಿದೆ, ಸೋಮವಾರ ತಗೊಂಡು ಹೋಗುತ್ತೇನೆ.