ಹದಿನಾರು ಜರ್ಸಿ

ಜುಲೈ ತಿಂಗಳ ಒಂದು ಶನಿವಾರ ನಮ್ಮ ದೈಹಿಕ ಶಿಕ್ಷಣದ ಸರ್ ನನ್ನ ಕೈಗೆ ರಟ್ಟು, ಹಾಳೆ, ಪೆನ್ನು ಕೊಟ್ಟು, "ನೀನು ಸ್ಟ್ಯಾಟಿಸ್ಟಿಕ್ಸ್ ಓದುವವನಲ್ವಾ, ಮಾರ್ಕು ಹಾಕು" ಎಂದರು. ನಮ್ಮ ಹೈಸ್ಕೂಲಿನ ಚಿಕ್ಕ ಹುಡುಗರ ಫುಟ್‌ಬಾಲ್ ಆಯ್ಕೆ. ಎಲ್ಲರೂ ಒಂದೇ ವರ್ಷದಲ್ಲಿ ಹುಟ್ಟಿದವರು. ಬಂದವರು ನಲವತ್ತೊಂದು, ಇರುವ ಜರ್ಸಿ ಹದಿನಾರು. "ಇವತ್ತು ಚೆನ್ನಾಗಿ ಆಡುವವರು ಮಾತ್ರ ಅಲ್ಲ, ಮುಂದೆ ನಮ್ಮ ಕಾಲೇಜು ಟೀಮಿಗೆ ಬರುವವರು ಯಾರು ಅಂತ ನೋಡು" ಎಂದೂ ಹೇಳಿದರು.

ಮಳೆ ನಿಂತು ಅರ್ಧ ಗಂಟೆಯಾಗಿತ್ತಷ್ಟೆ. ಗೋಲ್ ಮುಂದೆ ಮೊಣಕಾಲಿನಷ್ಟಲ್ಲದಿದ್ದರೂ ಪಾದ ಮುಳುಗುವಷ್ಟು ನೀರು. ಅಂಥ ಮೈದಾನದಲ್ಲಿ ಬಾಲ್ ಉರುಳುವುದಿಲ್ಲ, ಒದ್ದು ಎಬ್ಬಿಸಬೇಕು. ಕಾಲಿನಲ್ಲಿ ಬಲ ಇದ್ದವನೇ ರಾಜ. ನಾನು ಓಟಕ್ಕೆ ಇಷ್ಟು, ಪಾಸಿಗೆ ಇಷ್ಟು, ಶಾಟಿಗೆ ಇಷ್ಟು ಎಂದು ಬಹಳ ಗಂಭೀರವಾಗಿ ಮಾರ್ಕು ಹಾಕಿದೆ. ಅಸರ್ ಬಾಂಗಿನ ಹೊತ್ತಿಗೆ ಪಟ್ಟಿ ತಯಾರು.

ರಾತ್ರಿ ಮನೆಯಲ್ಲಿ ಕೂಡಿಸುವಾಗ ಹೆಸರಿನ ಪಕ್ಕದ ಜನ್ಮ ದಿನಾಂಕದ ಮೇಲೆ ಕಣ್ಣು ಬಿತ್ತು. ನಾನು ಆರಿಸಿದ ಹದಿನಾರರಲ್ಲಿ ಹತ್ತು ಮಂದಿ ಜನವರಿಯಿಂದ ಏಪ್ರಿಲ್ ಒಳಗೆ ಹುಟ್ಟಿದವರು. ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವನು ಒಬ್ಬನೇ. ಅವನು ಗೋಲ್‌ಕೀಪರ್, ಅದೂ ಆ ಕೆಸರಿನಲ್ಲಿ ಬೀಳಲು ಬೇರೆ ಯಾರೂ ಒಪ್ಪದ ಕಾರಣ. (ಅಬ್ಬನ ಕಾಲದಲ್ಲಾದರೆ ಈ ಲೆಕ್ಕ ಹಾಕಲು ಆಗುತ್ತಲೇ ಇರಲಿಲ್ಲ. ಅವರ ತರಗತಿಯಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರ್ ಬರೆದದ್ದೇ ಹುಟ್ಟಿದ ದಿನ!)

ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಅಂಥ ಒಂದು ಪಟ್ಟಿಯಲ್ಲಿ ಒಮ್ಮೆ ನನ್ನ ಹೆಸರೂ ಇತ್ತು.

ಏಳನೇ ತರಗತಿಯಲ್ಲಿ ನಾನು ಎಲ್ಲರಿಗಿಂತ ಎತ್ತರ. ಹುಟ್ಟಿದ್ದು ಜನವರಿ 9ಕ್ಕೆ. ಪಕ್ಕದ ಮನೆಯ ಗೆಳೆಯ ಅದೇ ವರ್ಷ ಡಿಸೆಂಬರ್ 20ಕ್ಕೆ. ಅವನನ್ನು ಎಲ್ಲರೂ ಚೋಟು ಎನ್ನುತ್ತಿದ್ದರು. ಗದ್ದೆಯಲ್ಲಿ ಆಡುವಾಗ ಅವನ ಕಾಲಿನಿಂದ ಬಾಲ್ ಕಿತ್ತುಕೊಳ್ಳಲು ನನಗೆ ಒಂದು ದಿನವೂ ಆಗಿರಲಿಲ್ಲ. ಆದರೆ ಆಯ್ಕೆಯ ದಿನ ಅವನನ್ನು ಭುಜದಿಂದ ತಳ್ಳಿ ಓಡುವುದು ಸುಲಭವಾಗಿತ್ತು, ನಾನು ಅದನ್ನೇ ಮಾಡಿದೆ. ನನಗೆ ಬೂಟು ಸಿಕ್ಕಿತು, ವಾರಕ್ಕೆ ಮೂರು ದಿನ ಕೋಚಿಂಗ್ ಸಿಕ್ಕಿತು, ನೆಹರೂ ಮೈದಾನದಲ್ಲಿ ಆಡುವ ಅವಕಾಶವೂ ಸಿಕ್ಕಿತು. ಅವನಿಗೆ "ಮುಂದಿನ ವರ್ಷ ಬಾ" ಎಂದರು. ಮುಂದಿನ ವರ್ಷ ಅವನು ಬರಲಿಲ್ಲ. ಈಗ ಸಂಜೆ ಹೊತ್ತು ಅವನ ಮಾವನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ. ನನಗಿಂತ ಎರಡು ಇಂಚು ಎತ್ತರ ಇದ್ದಾನೆ. ನಾನು ಹತ್ತನೇ ತರಗತಿಗೇ ಬೆಳೆಯುವುದು ನಿಲ್ಲಿಸಿದೆ. ಕಾಲೇಜು ಟೀಮಿನಲ್ಲಿ ನನ್ನ ಜಾಗ ಬೆಂಚು.

ಹನ್ನೆರಡು ವರ್ಷದ ಹುಡುಗನಿಗೆ ಹನ್ನೊಂದು ತಿಂಗಳು ಅಂದರೆ ಹತ್ತಿರಹತ್ತಿರ ಅವನ ಆಯುಸ್ಸಿನ ಹನ್ನೆರಡರಲ್ಲಿ ಒಂದು ಪಾಲು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದನ್ನು 1980ರ ದಶಕದಲ್ಲೇ ಗುರುತಿಸಿದ್ದರು. ಫುಟ್‌ಬಾಲಿನಲ್ಲೂ ಹಾಗೆಯೇ ಕಂಡಿತು. ತಮಾಷೆಯೆಂದರೆ ಇಂಗ್ಲೆಂಡಿನಲ್ಲಿ ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ರಿಂದ ಶುರು, ಅಲ್ಲಿನ ಅಕಾಡೆಮಿಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್, ನವೆಂಬರಿನ ಮಕ್ಕಳೇ ಹೆಚ್ಚು. ಅಂದರೆ ಜನವರಿಯಲ್ಲಿ ಹುಟ್ಟಿದ ನಮ್ಮ ಕಾಲಿನಲ್ಲಿ ವಿಶೇಷವೇನೂ ಇಲ್ಲ, ವಿಶೇಷ ಇರುವುದು ಗೆರೆ ಎಳೆದ ಜಾಗದಲ್ಲಿ.

ಫ್ರಾನ್ಸಿನ ಎನ್‌ಗೊಲೊ ಕಾಂಟೆಯನ್ನು ನಮ್ಮಲ್ಲಿ ಇಷ್ಟಪಡದವರು ಯಾರು? ಚಿಕ್ಕವನಿದ್ದಾಗ ತೀರಾ ಗಿಡ್ಡ ಎಂದು ದೊಡ್ಡ ಅಕಾಡೆಮಿಗಳು ಅವರನ್ನು ತೆಗೆದುಕೊಳ್ಳಲಿಲ್ಲ. ಊರಿನ ಸಣ್ಣ ಕ್ಲಬ್ಬೊಂದು ಬಿಡದೆ ಇಟ್ಟುಕೊಂಡಿತು. 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್, 2018ರಲ್ಲಿ ವಿಶ್ವಕಪ್. ಕಾಂಟೆ ಹುಟ್ಟಿದ್ದು ಮಾರ್ಚಿನಲ್ಲಿ ಎಂದು ನೀವು ಹೇಳಬಹುದು. ಹೌದು, ತಿಂಗಳೊಂದೇ ಅಲ್ಲ, ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನು ಹನ್ನೆರಡಕ್ಕೆ ಬೆಳೆಯುತ್ತಾನೆ, ಇನ್ನೊಬ್ಬ ಹದಿನೈದಕ್ಕೆ. ಅದಕ್ಕೇ ಇಂಗ್ಲೆಂಡಿನ ಕೆಲವು ಕ್ಲಬ್ಬುಗಳು ಆಗಾಗ ಹುಡುಗರನ್ನು ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುತ್ತವೆ. ತಂದೆತಾಯಿಯ ಎತ್ತರ, ಹುಡುಗನ ಈಗಿನ ಎತ್ತರ ಮತ್ತು ತೂಕ ಸೇರಿಸಿ ಅವನು ಎಷ್ಟು ಬೆಳೆಯಬಹುದು, ಈಗ ಅದರಲ್ಲಿ ಎಷ್ಟು ಪಾಲು ಬೆಳೆದಿದ್ದಾನೆ ಎಂದು ಅಂದಾಜು ಮಾಡುತ್ತಾರೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ಹೈಸ್ಕೂಲಿನಲ್ಲಿ ಫುಟ್‌ಬಾಲ್, ಅವರ ಮಾತಿನಲ್ಲಿ ಸಾಕರ್, ಆಡುವ ಹುಡುಗರಲ್ಲಿ ಎನ್‌ಸಿಎಎ ಕಾಲೇಜು ತಂಡಗಳನ್ನು ಮುಟ್ಟುವವರು ನೂರಕ್ಕೆ ಐದಾರು ಮಂದಿ. ಹಾಗಾದರೆ ಕಣ್ಣು ಮುಚ್ಚಿ ಪ್ರತಿಯೊಬ್ಬನಿಗೂ "ನಿನ್ನಿಂದ ಆಗಲ್ಲ" ಎಂದವನ ಮಾತು ನೂರರಲ್ಲಿ 94 ಸಲ ನಿಜವಾಗುತ್ತದೆ! ಅವನನ್ನು ಜನ ಅನುಭವಸ್ಥ ಎನ್ನುತ್ತಾರೆ. ಮೇಲಾಗಿ, ಆಗಲ್ಲ ಎಂದವನಿಗೆ ಬೂಟೂ ಇಲ್ಲ, ಕೋಚಿಂಗೂ ಇಲ್ಲ, ಆಗದೇ ಇರುತ್ತದೆ. ಚೋಟುವಿನ ವಿಷಯದಲ್ಲಿ ಅಂದಿನ ಪಟ್ಟಿ ಸರಿ ಎಂದು ಇವತ್ತು ಯಾರಾದರೂ ವಾದಿಸಿದರೆ ನನ್ನ ಬಳಿ ಉತ್ತರ ಇಲ್ಲ. ಅವನು ಆಡುತ್ತಿಲ್ಲ, ಅಷ್ಟೆ.

ಸೋಮವಾರ ಸರ್ ಬಳಿ ಹೋಗಿ ಹುಟ್ಟಿದ ತಿಂಗಳುಗಳನ್ನು ತೋರಿಸಿದೆ. ಕನ್ನಡಕ ಮೇಲೇರಿಸಿ ತುಂಬಾ ಹೊತ್ತು ನೋಡಿದರು. ಅಂದು ಒಬ್ಬ ಪುಟ್ಟ ಹುಡುಗ, ನವೆಂಬರಿನವನು, ಆ ನೀರಿನಲ್ಲೂ ಪ್ರತಿ ಸಲ ಬಾಲ್ ಬರುವ ಜಾಗಕ್ಕೆ ಮೊದಲೇ ಹೋಗಿ ನಿಲ್ಲುತ್ತಿದ್ದ. ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ. ಅವನ ಹೆಸರು ಮೂವತ್ತಮೂರನೆಯದು.

"ಎಲ್ಲ ಸರಿ ಮಾರಾಯ, ಜರ್ಸಿ ಹದಿನಾರೇ ಇರುವುದು" ಎಂದರು ಸರ್.

"ಪ್ರಾಕ್ಟೀಸಿಗೆ ಜರ್ಸಿ ಬೇಡವಲ್ಲ ಸರ್."

"ಬಾಲ್ ಐದೇ ಇದೆ. ನಲವತ್ತೊಂದು ಜನರನ್ನು ನೋಡಿಕೊಳ್ಳುವವರು ಯಾರು?"

ನಾನು ಬೆಂಚಿನಲ್ಲಿ ಹೇಗೂ ಖಾಲಿ ಕೂತಿರುತ್ತೇನಲ್ಲ ಎಂದೆ. ಆ ಶನಿವಾರ ಇಪ್ಪತ್ತೊಂಬತ್ತು ಹುಡುಗರು ಬಂದರು. ನವೆಂಬರಿನವನು ಅಣ್ಣನ ಬೂಟಿನೊಳಗೆ ಬಟ್ಟೆ ತುರುಕಿಕೊಂಡು ಬಂದಿದ್ದ.